ಆಟೀನಿಲ್ಲದ ಕೈಗೆ ಅತ್ತೆ ಹೊಣೆಯೇ?

ಇಸ್ಪೀಟು ಕ್ಲಬ್ಬಿನ ಗೌರವ ಕಾರ್ಯದರ್ಶಿಗಳೂ, ‘ಬ್ರಿಡ್ಜ್ ಕೂಗುವ ಕೈಪಿಡಿ’ಯ ಕರ್ತೃಗಳೂ ಆದ ಮಾನ್ಯರೇ,

ತಾವು, ತಮ್ಮ ಪೇಂಟ್ ಅಂಗಡಿ ಮತ್ತು ಕೈಪಿಡಿಯ ನಾಲ್ಕನೇ ಮುದ್ರಣ ಮೂರೂ ಕ್ಷೇಮವೆಂದು ನಂಬಿ, ನನ್ನ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಈ ಮಧ್ಯಾಹ್ನ, ಎಲ್ಲ ಸದಸ್ಯರೂ ಓದಲೆಂದು ತಮಗೆ ಬರೆದುಕೊಳ್ಳುವ ವಿಜ್ಞಾಪನೆ.

ಕಳೆದ ತಿಂಗಳ ಪಂದ್ಯದ ಏಳನೆಯ ಹಂಚಿಕೆಯಲ್ಲಿ ನನಗೆ ಬಂದದ್ದು ಇಸ್ಪೇಟು ಆರು, ಡೈಮಂಡ್ ಐದು, ಕಳಾವರ ಎರಡು. ಆಟೀನು ಒಂದೂ ಇಲ್ಲ. ಎದುರಿಗೆ ಜೊತೆಗಾತಿಯಾಗಿ ಕುಳಿತಿದ್ದವರು ನನ್ನ ಅತ್ತೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ದುಡಿದು, ಅರ್ಧ ಊರಿನ ಹಳೆಯ ನಂಬರುಗಳನ್ನು ಇವತ್ತಿಗೂ ಬಾಯಲ್ಲಿಟ್ಟುಕೊಂಡಿರುವ ಎಪ್ಪತ್ಮೂರರ ಹೆಂಗಸು. ಇಸ್ಪೇಟೇ ತುರುಪೆಂದು ಇಬ್ಬರೂ ಒಪ್ಪಿಕೊಂಡ ಮೇಲೆ, ತಮ್ಮ ಕೈಪಿಡಿಯ ಹತ್ತೊಂಬತ್ತನೇ ಪುಟವನ್ನು ಭಕ್ತಿಯಿಂದ ಸ್ಮರಿಸಿ, ಎಕ್ಕ ಎಷ್ಟಿವೆಯೆಂದು ಕೇಳುವ ಕೂಗು ಕೂಗಿದೆ. ಅತ್ತೆ ಒಂದು ಎಂದು ತಿಳಿಸಿದರು. ನನ್ನಲ್ಲಿ ಕಳಾವರದ ಎಕ್ಕವಿತ್ತು. ಆಟೀನಿನ ಎಕ್ಕ ಎದುರಾಳಿಗಳಲ್ಲಿದ್ದರೂ ತುರುಪಿನಿಂದ ಹೊಡೆಯಬಹುದಿತ್ತು. ಅವರದು ಇಸ್ಪೇಟಿನದೋ ಡೈಮಂಡಿನದೋ ಆಗಿದ್ದರೆ ನಾವು ಕಳೆದುಕೊಳ್ಳುವುದು ಒಂದೇ ಪಟ್ಟು. ಆ ಲೆಕ್ಕದಲ್ಲಿ, ಹದಿಮೂರು ಸುತ್ತುಗಳ ಹದಿಮೂರು ಪಟ್ಟುಗಳಲ್ಲಿ ಹನ್ನೆರಡು ಗೆಲ್ಲುತ್ತೇನೆಂದು ಆರು ಇಸ್ಪೇಟು ಕೂಗಿಯೇ ಬಿಟ್ಟೆ. ಆಟದ ನಿಯಮದಂತೆ ಅತ್ತೆ ತಮ್ಮ ಎಲೆಗಳನ್ನು ಮೇಜಿನ ಮೇಲೆ ಬಿಡಿಸಿದರು. ಅವರ ಎಕ್ಕ ಆಟೀನಿನದು! ಆಟೀನೇ ಇಲ್ಲದ ನನಗೆ ಅದು ಬಾಗಿಲಿಲ್ಲದ ಮನೆಗೆ ತಂದ ಬೀಗ. ಎದುರಾಳಿಗಳು ಉಳಿದೆರಡು ಎಕ್ಕಗಳಿಂದ ಎರಡು ಪಟ್ಟು ಎತ್ತಿಕೊಂಡರು. ಒಂದೇ ಒಂದು ಪಟ್ಟು ಕಡಿಮೆಯಾಗಿ ಸೋತೆವು.

ಪಂದ್ಯ ಮುಗಿದ ಮೇಲೆ ತಾವು ಚಹಾ ಲೋಟ ಹಿಡಿದು ನಮ್ಮ ಮೇಜಿಗೆ ದಯಮಾಡಿಸಿ, “ವಯಸ್ಸಾದ್ಮೇಲೆ ಎಲೆ ನೆನಪಿರೋದು ಕಷ್ಟ ಬಿಡಿ” ಎಂದು ಇಡೀ ಕೋಣೆಗೆ ಕೇಳುವಂತೆ ಸಾಂತ್ವನ ಹೇಳಿದಿರಿ. ಸೋಮವಾರವೇ ಸೂಚನಾ ಫಲಕದಲ್ಲಿ ತಮ್ಮ ಪ್ರಕಟಣೆ: ಎಪ್ಪತ್ತು ದಾಟಿದವರು ಜ್ಞಾಪಕಶಕ್ತಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಆಡುವಂತಿಲ್ಲ. ಅತ್ತೆ ಅದನ್ನು ಓದಿ, ಕನ್ನಡಕ ಒರೆಸಿಕೊಂಡು, ಮತ್ತೊಮ್ಮೆ ಓದಿದರು. ಅಂದಿನಿಂದ ಮಂಡಿನೋವೆಂದು ಹೇಳಿ ಕ್ಲಬ್ಬಿಗೆ ಬರುತ್ತಿಲ್ಲ. ಆ ಮಂಡಿಯ ಪರಿಚಯ ನನಗಿದೆ. ಲಿಫ್ಟ್ ಕೆಟ್ಟರೆ ನನಗಿಂತ ಮೊದಲು ಮೂರನೇ ಮಹಡಿ ತಲುಪುವ ಮಂಡಿ ಅದು.

ಒಂದು ಬಣ್ಣವೇ ಇಲ್ಲದ ಕೈಯನ್ನು ಹೇಗೆ ಕೂಗಬೇಕೆಂದು ತಮ್ಮ ಎಂಬತ್ತು ಪುಟಗಳಲ್ಲಿ ಒಂದಕ್ಷರವೂ ಇಲ್ಲ. ವಿಷಯಕ್ಕೆ ಇಷ್ಟು ತಕ್ಕ ನಿರೂಪಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದ್ದರಿಂದ ಪ್ರತಿಯೊಬ್ಬರಿಗೂ ನಾಲ್ಕೂ ಬಣ್ಣದ ತಲಾ ಒಂದೆಲೆಯಾದರೂ ಬರತಕ್ಕದ್ದೆಂದು ಮಹಾಸಭೆಯಲ್ಲಿ ಠರಾವು ಮಾಡಿಸಬೇಕು. ತಪ್ಪಿದ ಇಸ್ಪೀಟು ಕಟ್ಟಿಗೆ ಲಿಖಿತ ಎಚ್ಚರಿಕೆ ನೀಡಬೇಕು. ಉಪಯೋಗವಿಲ್ಲದ ಎಕ್ಕಗಳು ಮುಂಚಿತವಾಗಿ ರಜಾ ಅರ್ಜಿ ಸಲ್ಲಿಸುವಂತೆ ಆದೇಶಿಸಬೇಕು.

ಒಂದೇ ಹಂಚಿಕೆಯನ್ನು ಎಲ್ಲ ಮೇಜುಗಳಲ್ಲೂ ಆಡುವ ಪದ್ಧತಿ ನಮ್ಮಲ್ಲಿರುವುದರಿಂದ, ಮೊನ್ನೆ ಏಳನೆಯ ಹಂಚಿಕೆಯ ಅಂಕಪಟ್ಟಿಯನ್ನು ಕುತೂಹಲಕ್ಕೆ ತೆಗೆದು ನೋಡಿದೆ. ಅವೇ ಹದಿಮೂರು ಎಲೆಗಳನ್ನು ಮೂರನೇ ಮೇಜಿನಲ್ಲಿ ಹಿಡಿದಿದ್ದವರು ಸಾಕ್ಷಾತ್ ತಾವು! ತಾವೂ ಆರು ಇಸ್ಪೇಟು ಕೂಗಿದ್ದೀರಿ, ತಾವೂ ಒಂದು ಪಟ್ಟು ಕಡಿಮೆಯಾಗಿ ಸೋತಿದ್ದೀರಿ. ಎದುರಾಳಿಗಳು ‘ಡಬಲ್’ ಕೂಗಿ ದಂಡವನ್ನು ದುಪ್ಪಟ್ಟು ಮಾಡಿದ್ದರಿಂದ ನಮಗಿಂತ ಭರ್ಜರಿಯಾಗಿಯೇ ಸೋತಿದ್ದೀರಿ. ತಮ್ಮ ಎದುರಿಗೆ ಕುಳಿತು ಒಂದು ಎಕ್ಕ ಎಂದವರಿಗೆ ಮೂವತ್ತನಾಲ್ಕು ವರ್ಷ. ಪಾಪ, ಇಷ್ಟು ಬೇಗ ಮರೆವು.

ಆ ಪಟ್ಟಿಯನ್ನು ಅತ್ತೆಗೆ ತೋರಿಸಿದೆ. ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. “ನೀನು ಎಕ್ಕ ಎಷ್ಟು ಅಂತ ಕೇಳ್ದೆ, ಯಾವ್ದು ಅಂತ ಕೇಳ್ಲಿಲ್ಲ. ಅದು ನಿನ್ನ ತಪ್ಪು. ಕಾರ್ಯದರ್ಶಿಗಳು ನನ್ನ ವಯಸ್ಸಿನ ಮಾತೆತ್ತಿದಾಗ ನನ್ನ ಪಕ್ಕದಲ್ಲೇ ಇದ್ದು ಸುಮ್ನೆ ಎಲೆ ಜೋಡಿಸ್ತಾ ಕೂತ್ಯಲ್ಲ, ಅದು ಇನ್ನೂ ದೊಡ್ಡ ತಪ್ಪು ಕಣಮ್ಮ” ಎಂದರು. ಕ್ಷಮೆ ಕೇಳಿದೆ. ಬಾಯಲ್ಲಿ ಕೇಳಿದರೆ ಸಾಲದೆಂದು ಈ ಪತ್ರ. ಭಾನುವಾರ ನಾವಿಬ್ಬರೂ ಬರುತ್ತಿದ್ದೇವೆ. ಪರೀಕ್ಷೆ ಬರೆಯುವುದಿಲ್ಲ, ಆಡುತ್ತೇವೆ.

ತಮ್ಮ ವಿಶ್ವಾಸಿ,
ಐದನೇ ಮೇಜಿನ ಸೊಸೆ

ತಾಜಾ ಕಲಂ: ಅತ್ತೆಯವರು ಈ ಪತ್ರ ಓದಿ, “ಪಾಪ, ಇಷ್ಟು ಖಾರ ಬೇಡ” ಎಂದು ಎರಡು ವಾಕ್ಯಗಳನ್ನು ಹೊಡೆದುಹಾಕಿಸಿದರು. ಆ ಎರಡನ್ನು ದೊಡ್ಡಕ್ಷರದಲ್ಲಿ ಬೇರೆ ಹಾಳೆಗೆ ಬರೆದು, ತಮ್ಮ ಪ್ರಕಟಣೆಯ ಪಕ್ಕದಲ್ಲೇ ಅಂಟಿಸಿ ಬಂದಿದ್ದೇನೆ.