ಭಜನಾ ಮಂದಿರದ ಗುಂಯ್

ನರಿಕೊಂಬಿನ ಭಜನಾ ಮಂದಿರದ ಸ್ಪೀಕರಿನಲ್ಲಿ ಎರಡು ವರ್ಷದಿಂದ ಒಂದು ಗುಂಯ್ ಎಂಬ ಸದ್ದು ಇತ್ತು. ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಕಳೆದ ಶನಿವಾರ ಕಾರ್ಯದರ್ಶಿ ರೋಹಿತ್ ಭಜನೆಯನ್ನು ಮೊಬೈಲಿನಲ್ಲಿ ನೇರವಾಗಿ ತೋರಿಸಿದ್ದೇ ತಪ್ಪಾಯಿತು. ಮಂದಿರಕ್ಕೆ ಸೋಲಾರ್ ಬ್ಯಾಟರಿ ದಾನ ಕೊಟ್ಟ ಶ್ರವಣ್ ಶಾರ್ಜಾದಲ್ಲಿ ಕುಳಿತು ನೋಡಿ, ದೇವರ ನಾಮಕ್ಕಿಂತ ಜೀರುಂಡೆಯೇ ಹೆಚ್ಚು ಕೇಳುತ್ತದಲ್ಲ ಎಂದು ಬರೆದ.

ದೇವರು ಎರಡು ವರ್ಷ ಸಹಿಸಿಕೊಂಡದ್ದನ್ನು ದಾನಿ ಸಹಿಸಿಕೊಳ್ಳಬೇಕೆಂದೇನೂ ಇಲ್ಲ. ಈ ಶನಿವಾರ ಬೆಳಿಗ್ಗೆಯೇ ರೋಹಿತ್ ಮೈಕಿನ ತುಕ್ರಪ್ಪನನ್ನು ಕರೆಸಿದ.

"ತುಕ್ರಪ್ಪಣ್ಣ, ಸಂಜೆ ಆ ಗುಂಯ್ ಇರಬಾರದು. ಇದ್ರೆ ಮೈಕಿನ ಕಪಾಟಿನ ಬೀಗದಕೈ ನನ್ನ ಭಾವ ಶೋಧನನಿಗೆ ಕೊಡುವ. ಅವ ಮೂಡುಬಿದಿರೆಯಲ್ಲಿ ಕೋರ್ಸು ಮಾಡಿದ್ದಾನೆ."

ಆ ಬೀಗದಕೈ ಇಪ್ಪತ್ತೆರಡು ವರ್ಷದಿಂದ ತುಕ್ರಪ್ಪನ ಉಡಿದಾರದಲ್ಲಿ ನೇತಾಡುತ್ತಿತ್ತು. ಅದು ಸೊಂಟದಲ್ಲಿ ಇದ್ದದ್ದರಿಂದಲೇ ಮದುವೆಯ ಮನೆಯಾಗಲಿ, ಉತ್ತರಕ್ರಿಯೆಯ ಬೊಜ್ಜದ ಮನೆಯಾಗಲಿ, ಅವನು ಹೋದಲ್ಲಿ ಜನ ಒಂದು ಕುರ್ಚಿ ತಂದು ಹಾಕುತ್ತಿದ್ದರು. ಅವನ ಬಳಿ ಬೇರೆ ಆಸ್ತಿ ಇರಲಿಲ್ಲ.

ದೋಷ ಇದ್ದದ್ದು ಕನ್ವರ್ಟರಿನಲ್ಲಿ. ಬ್ಯಾಟರಿ ಕೊಡುವುದು ಹನ್ನೆರಡು ವೋಲ್ಟು, ಆಂಪ್ಲಿಫೈಯರು ಕೇಳುವುದು ಇಪ್ಪತ್ತನಾಲ್ಕು. ಸಾಬೂನು ಪೆಟ್ಟಿಗೆಯಷ್ಟಿರುವ ಕನ್ವರ್ಟರು ನಡುವೆ ಕುಳಿತು ಕರೆಂಟನ್ನು ಕ್ಷಣಕ್ಕೆ ಸಾವಿರಾರು ತುಂಡು ಮಾಡಿ, ಎತ್ತರಿಸಿ, ಮತ್ತೆ ಜೋಡಿಸಿ ಕೊಡುತ್ತದೆ. ಜೋಡಿಸಿದ ಗಾಯ ಸರಿಯಾಗಿ ಮಾಯದಿದ್ದರೆ ಸ್ಪೀಕರು ನರಳುತ್ತದೆ.

ತುಕ್ರಪ್ಪ ಮೂಲೆಯ ಹಾರ್ಮೋನಿಯಂ ಪೆಟ್ಟಿಗೆಯನ್ನೇ ಮೇಜು ಮಾಡಿಕೊಂಡು ಕನ್ವರ್ಟರು ಬಿಚ್ಚಿದ. ಅದು ಅಣ್ಣು ಮಾಸ್ತರರ ಹಾರ್ಮೋನಿಯಂ. ಮೂವತ್ತು ವರ್ಷ ಅವರು ಅದರ ಹಿಂದೆ ಕುಳಿತವರು. ಮೊಮ್ಮಗ ಹುಟ್ಟಿದ ಸುದ್ದಿ ಬಂದಾಗಲೂ ಭಜನೆಯ ನಡುವೆ ಎದ್ದವರಲ್ಲ. ಎರಡು ವರ್ಷದ ಹಿಂದೆ ಅವರು ತೀರಿಕೊಂಡಾಗ, ಅವರ ನೆನಪಿಗೆ ಹಾರ್ಮೋನಿಯಂ ರಿಪೇರಿ ಮಾಡಿಸಬೇಕೆಂದು ಕಮಿಟಿ ಠರಾವು ಮಾಡಿತ್ತು. ಠರಾವು ಕಡತದೊಳಗೆ ಸುಖವಾಗಿತ್ತು, ಇಲಿಗಳು ಹಾರ್ಮೋನಿಯಂ ಒಳಗೆ ಸುಖವಾಗಿದ್ದವು.

ಹತ್ತು ಗಂಟೆಯಾಗುವಾಗ ದೀಪ ತಿಕ್ಕಲು ಬಂದವರೆಲ್ಲ ಇಂಜಿನಿಯರುಗಳಾಗಿದ್ದರು. ಒಬ್ಬರು ಫ್ಯಾನು ನಿಲ್ಲಿಸಿದರು. ಇನ್ನೊಬ್ಬರು ಅರ್ಥಿಂಗ್ ಸಾಲದು ಎಂದು ತಂತಿಯೊಂದನ್ನು ತುಳಸಿಕಟ್ಟೆಯ ಮಣ್ಣಿಗೆ ಚುಚ್ಚಿದರು. ಗುಂಯ್ ಕರು ಕಳೆದುಕೊಂಡ ಎಮ್ಮೆಯಂತೆ ಬೊಬ್ಬೆ ಹಾಕಿತು. ಕರೆಂಟಿನ ಏರಿಳಿತ ನುಂಗುವ ಕೆಪಾಸಿಟರು ದೊಡ್ಡದು ಹಾಕಿದರೆ ದೊಡ್ಡ ಪರಿಹಾರ ಎಂಬುದು ರೋಹಿತನ ಮತ. ಅವನೇ ಟಾರ್ಚು ಹಿಡಿದ. ಹಿಡಿದವನು ಶ್ರವಣನ ದಾನಗುಣವನ್ನು ಕೈಬೀಸಿ ವರ್ಣಿಸತೊಡಗಿದ. ಬೆಳಕು ಗೋಡೆಗೆ ಹೋಯಿತು, ತುಕ್ರಪ್ಪ ಕೆಪಾಸಿಟರನ್ನು ತಿರುಗಾಮುರುಗಾ ಜೋಡಿಸಿದ, ಅದು ಗರ್ನಾಲು ಪಟಾಕಿಯಂತೆ ಸಿಡಿಯಿತು.

ಅಂಗಿಗೆ ಹತ್ತಿದ ಮಸಿಯೊಡನೆ ಅವನು ಪೇಟೆಯ ಅಬ್ದುಲ್ ವಹಾಬರ ಎಲೆಕ್ಟ್ರಿಕ್ ಅಂಗಡಿಗೆ ಹೋದ.

"ಎಂತ ತುಕ್ರಪ್ಪ, ಭಜನೆಗೆ ಗರ್ನಾಲು ಬಿಡುದು ಯಾವಾಗ ಶುರು?"

"ನಗಾಡ್ಬೇಡಿ ವಹಾಬಾಕ. ನನ್ನ ಬೀಗದಕೈ ಹೋಗ್ತದೆ."

ವಹಾಬರು ಎಲ್ಲ ಕೇಳಿಕೊಂಡರು. "ದೊಡ್ಡದೊಂದೇ ಹಾಕಿದ್ರೆ ಸಾಲುದಿಲ್ಲ ಮಾರಾಯ. ದೊಡ್ಡ ತೆರೆಗೆ ದೊಡ್ಡದು, ಸಣ್ಣ ಮುಳ್ಳಿಗೆ ಸಣ್ಣದು, ಎರಡೂ ಕನ್ವರ್ಟರಿನ ಬಾಯಿಗೇ ಹಾಕ್ಬೇಕು. ವಯರು ಎಷ್ಟುದ್ದ ಉಂಟು?"

ಹನ್ನೆರಡು ಅಡಿ ಇತ್ತು. ಕನ್ವರ್ಟರು ಕಂಡರೆ ಚಂದವಿಲ್ಲವೆಂದು ರೋಹಿತನೇ ಅದನ್ನು ದೇವರ ಪಟದ ಹಿಂದೆ ಇಡಿಸಿ, ವಯರನ್ನು ಕಂಬಕ್ಕೆ ಸುತ್ತಿಸಿದ್ದ. ಅಷ್ಟುದ್ದದ ವಯರು ದಾರಿಯ ಸದ್ದನ್ನೆಲ್ಲ ಹೆಕ್ಕಿಕೊಂಡು ಬರುತ್ತದೆ ಎಂದ ವಹಾಬರು, ಕೆಪಾಸಿಟರುಗಳ ಜೊತೆ ಒಂದು ತಾಮ್ರದ ಕಾಯಿಲನ್ನೂ ಕೊಟ್ಟು ಕಳಿಸಿದರು.

ಕನ್ವರ್ಟರನ್ನು ಹಾರ್ಮೋನಿಯಂ ಪೆಟ್ಟಿಗೆಯ ಮೇಲೆಯೇ ಇಟ್ಟು ವಯರು ಮೊಟಕು ಮಾಡಿದ ಮೇಲೆ, ಸಂಜೆ ಐದಕ್ಕೆ ಸ್ಪೀಕರಿನ ಗುಂಯ್ ನಿಂತಿತು. ಹಲ್ಲಿ ಲೊಚಗುಟ್ಟಿದ್ದು ಅದರಲ್ಲಿ ಸ್ಪಷ್ಟವಾಗಿ ಕೇಳಿಸಿತು. ರೋಹಿತ್ ಶಾರ್ಜಾಕ್ಕೆ ಸುದ್ದಿ ಕಳಿಸಿದ. ತುಕ್ರಪ್ಪ ಸೊಂಟ ಮುಟ್ಟಿ ನೋಡಿಕೊಂಡ.

ಆರೂವರೆಗೆ ಮೊದಲ ಭಜನೆ ಎತ್ತಬೇಕಾದವರು ಅಣ್ಣು ಮಾಸ್ತರರ ಹೆಂಡತಿ ಸರಸಕ್ಕ. ಅವರು ಬಾಯಿ ತೆರೆದರು, ಮುಚ್ಚಿದರು, ಸುತ್ತ ನೋಡಿದರು.

"ತುಕ್ರಪ್ಪ, ಶ್ರುತಿ ಎಲ್ಲಿ?"

"ಯಾವ ಶ್ರುತಿ ಸರಸಕ್ಕ?"

"ಇವರು ಹೋದ ಮೇಲೆ ನಾನು ಎಂತದನ್ನು ಹಿಡಿದು ಹಾಡಿದ್ದು? ಅದು." ಅವರ ಬೆರಳು ಸ್ಪೀಕರಿನ ಕಡೆಗಿತ್ತು.

ಶ್ರುತಿ ಇಲ್ಲದಿದ್ದರೇನು, ಭಕ್ತಿ ಸಾಲದೇ ಎಂದು ರೋಹಿತ್ ತಾನೇ ಎತ್ತಿದ. ಗಂಡಸರು ಒಂದು ದಿಕ್ಕಿಗೆ, ಹೆಂಗಸರು ಇನ್ನೊಂದು ದಿಕ್ಕಿಗೆ ಹೋದರು. ತಾಳದವನು ಯಾರ ಜೊತೆಯೂ ಹೋಗದೆ ನಿಂತ. ಭಕ್ತಿಯಂತೂ ಶುದ್ಧವಾಗಿ, ಸ್ಪಷ್ಟವಾಗಿ, ಒಂದು ಅಪಸ್ವರವೂ ತಪ್ಪದೆ ಕೇಳಿಸಿತು. ಮೊಬೈಲಿನಲ್ಲಿ ನೋಡುತ್ತಿದ್ದ ಶ್ರವಣನ ಮಾತು ಶಾರ್ಜಾದಿಂದ ಬಂತು: ಜೀರುಂಡೆಯೇ ವಾಸಿ.

"ತುಕ್ರಪ್ಪಣ್ಣ," ರೋಹಿತ್ ತಗ್ಗಿದ ದನಿಯಲ್ಲಿ ಹೇಳಿದ, "ಅದನ್ನು ವಾಪಸ್ ಹಾಕಿ."

ತುಕ್ರಪ್ಪ ಹೊಸ ಕೆಪಾಸಿಟರುಗಳನ್ನು ಕಿತ್ತು, ಬೆಳಿಗ್ಗೆ ಬಿಚ್ಚಿಟ್ಟಿದ್ದ ಹಳೆಯದನ್ನು ಜೋಡಿಸಿದ. ಗುಂಯ್ ಬಂತು, ಆದರೆ ತಗ್ಗಿ ಬಂತು. ಹಾರ್ಮೋನಿಯಂ ಲೆಕ್ಕದಲ್ಲಿ ಶ್ರುತಿ ಒಂದು ಮನೆ ಏರಿಸು ಎಂದರು ಸರಸಕ್ಕ. ಕನ್ವರ್ಟರಿನ ಸಣ್ಣ ಸ್ಕ್ರೂ ತಿರುಗಿಸಿದರೆ ಸದ್ದು ಏರುತ್ತಿತ್ತು; ಕೈಬಿಟ್ಟರೆ ಬಿಸಿಗೆ ಜಾರುತ್ತಿತ್ತು. ಅವನು ಸ್ಕ್ರೂಡ್ರೈವರು ಹಿಡಿದು ಹಾರ್ಮೋನಿಯಂ ಪೆಟ್ಟಿಗೆಯ ಹಿಂದೆ ಕುಳಿತೇಬಿಟ್ಟ. ಸರಸಕ್ಕ ಕಣ್ಣುಮುಚ್ಚಿ ಹಾಡಿದರು. ಇನ್ನು ತನ್ನನ್ನು ಬಿಟ್ಟರೆ ಮಂದಿರಕ್ಕೆ ಗತಿಯಿಲ್ಲ ಎಂದು ತುಕ್ರಪ್ಪ ಹಿಗ್ಗಿದ.

ಮಂಗಳವಾದ ಮೇಲೆ ರೋಹಿತ್ ಕೈಮುಗಿದುಕೊಂಡೇ ಬಂದ.

"ಇನ್ನು ಪ್ರತಿ ಶನಿವಾರ ಶ್ರುತಿಗೆ ನೀವೇ. ಆದ್ರೆ ಮಾಸ್ತರ್ರ ಕಾಲದ ಕ್ರಮ ಉಂಟಲ್ಲ, ಶ್ರುತಿಗೆ ಕೂತವ ಮಂಗಳದವರೆಗೆ ಏಳಬಾರದು. ಮೈಕಿಗೆ ಓಡಾಡುದಕ್ಕೆ ಬೇರೆ ಜನ ಬೇಕಲ್ಲ?"

ಮುಗಿದ ಕೈ ಬಿಚ್ಚಿ ಮುಂದೆ ಬಂತು. ತುಕ್ರಪ್ಪ ಉಡಿದಾರದ ಗಂಟು ಬಿಚ್ಚಿದ.

ಪ್ರಸಾದದ ಹೊತ್ತಿಗೆ ಸರಿಯಾಗಿ ಬಂದ ಶೋಧನ್ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡ. ಯಾರೋ ಅವನಿಗೆ ಕುರ್ಚಿ ತಂದು ಹಾಕಿದರು. ಅವನು ಕುಳಿತು, ಕಿವಿ ನಿಮಿರಿಸಿ, ನೆಲದ ಮೇಲಿದ್ದ ತುಕ್ರಪ್ಪನ ಕಡೆಗೆ ಬಾಗಿದ.

"ಸ್ಪೀಕರಿನಲ್ಲಿ ಎಂತದೋ ಗುಂಯ್ ಉಂಟಲ್ಲ ಮಾರಾಯ್ರೇ. ನೀವು ಬಿಡಿ, ನಾಳೆ ನಾನು ತೆಗೀತೇನೆ."