ಲಾಯಿಲದಲ್ಲಿ ಹಂಚು ಎತ್ತಿದ ರೈಲು

ಸರಕಾರ ಮಾಡದ ಕೆಲಸವನ್ನು ನಾನೊಬ್ಬನೇ ಮಾಡಿ ತೋರಿಸುತ್ತೇನೆಂದು ಹೆಂಡತಿ ಯಶೋಧಾಳ ಮುಂದೆ ಎದೆ ತಟ್ಟಿಕೊಂಡು ಹೇಳಿದವನು ನಾನು! ರೈಲು ಬಂಟ್ವಾಳಕ್ಕೆ ಬರುತ್ತದೆ, ಅಲ್ಲಿಂದ ಹಾಗೆಯೇ ಘಟ್ಟ ಹತ್ತಿ ಹೋಗಿಬಿಡುತ್ತದೆ. ಮೂಡುಬಿದಿರೆಗಾಗಲಿ ಬೆಳ್ತಂಗಡಿಗಾಗಲಿ ಅದು ಮುಖ ತೋರಿಸಿದ್ದಿಲ್ಲ. ಆ ಅನ್ಯಾಯವನ್ನು ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಪ್ಲೈವುಡ್ಡಿನ ಮೇಲೆ ಸರಿಪಡಿಸಿದವನು ಈ ಶ್ರೇಯಾಂಸಕುಮಾರ.

ಬಂಟ್ವಾಳದ ಬಿ.ಸಿ.ರೋಡಿನಿಂದ ಹೊರಡುವ ನನ್ನ ಆಟದ ರೈಲು ಮೂಡುಬಿದಿರೆಗೆ ಬಂದು, ಲಾಯಿಲ ದಾಟಿ ಚಾರ್ಮಾಡಿ ಸೇರುತ್ತದೆ. ಘಟ್ಟವನ್ನು ಮರದ ಪುಡಿ ಮತ್ತು ಪ್ಲಾಸ್ಟರಿನಿಂದ ಕಟ್ಟಿದ್ದೆ. ಸ್ವಲ್ಪ ಬೋಳಾಗಿತ್ತು, ಆದರೆ ಈಗ ನಿಜವಾದ ಘಟ್ಟವೂ ಅಲ್ಲಲ್ಲಿ ಹಾಗೆಯೇ ಇದೆ.

ಇಷ್ಟೆಲ್ಲ ಮಾಡಲು ನನಗೆ ಬಿಡುವು ಎಲ್ಲಿಂದ ಬಂತು ಎನ್ನುವಿರಾ? ಮೂಡುಬಿದಿರೆಯಲ್ಲಿ ನಮ್ಮದು ಸಿಮೆಂಟು, ಹಂಚು, ಪೈಂಟಿನ ಅಂಗಡಿ. ಅದನ್ನು ಮಗಳು ಗ್ರೀಷ್ಮಾಳಿಗೆ ಬಿಟ್ಟುಕೊಟ್ಟೆ ಎಂದು ಊರಿಗೆಲ್ಲ ಹೇಳಿದ್ದೇನೆ. ನಿಜವಾಗಿ ನಾನು ಬಿಟ್ಟುಕೊಟ್ಟದ್ದಲ್ಲ, ಅವಳು ತೆಗೆದುಕೊಂಡದ್ದು. ಬಂದವಳೇ ಅಂಗಡಿಗೆ ಕಂಪ್ಯೂಟರ್ ಹಾಕಿಸಿದಳು. ಬಿಲ್ಲು ಅದರಿಂದ, ಸ್ಟಾಕು ಅದರಲ್ಲಿ, ಯಾರ ಮನೆಗೆ ಏನು ಹೋಗಬೇಕೆಂಬ ಚೀಟಿಯೂ ಅದರಿಂದಲೇ. ನಾನು ಗಲ್ಲೆಯ ಹತ್ತಿರ ಕುಳಿತು ಕೆಲಸದವರಿಗೆ ಒಂದು ಮಾತು ಹೇಳಿದರೆ ಅವರು ನನ್ನನ್ನು ಬಿಟ್ಟು ಪರದೆಯ ಕಡೆ ನೋಡಲು ಶುರುಮಾಡಿದರು. ಕೊನೆಗೊಂದು ದಿನ ಗ್ರೀಷ್ಮಾ ನನ್ನನ್ನು ಹಿಂದಿನ ಗೋಡೌನಿಗೆ ಕರೆದು ಮೆಲ್ಲಗೆ ಹೇಳಿದಳು.

"ಅಪ್ಪ, ನೀವು ಇನ್ನು ಹುಡುಗರಿಗೆ ಎಂತದೂ ಹೇಳುವುದು ಬೇಡ. ಅವರಿಗೆ ಕನ್‌ಫ್ಯೂಸ್ ಆಗ್ತದೆ. ಎಲ್ಲ ಸಿಸ್ಟಮಿನಲ್ಲಿ ಉಂಟು."

ಇಷ್ಟು ವರ್ಷ ಆ ಅಂಗಡಿಯಲ್ಲಿ ಸಿಸ್ಟಮ್ ಎಂದರೆ ನಾನೇ ಆಗಿದ್ದೆ. ಮನೆಗೆ ಬಂದು ಮಹಡಿ ಹತ್ತಿದೆ.

ರೈಲು ತಯಾರಾಯಿತು. ಆದರೆ ಸುಮ್ಮನೆ ಸುತ್ತು ಹಾಕುವ ರೈಲನ್ನು ಎಷ್ಟು ದಿನ ನೋಡುವುದು? ಯಶೋಧಾ ಒಂದು ಸಂಜೆ ಚಹಾ ತಂದಿಟ್ಟು, ಇದು ಹೀಗೆ ಹೋಗಿ ಹೀಗೆ ಬರುವುದಕ್ಕೆ ಮಾತ್ರವೋ ಎಂದು ಕೇಳಿದಳು. ಆ ಪ್ರಶ್ನೆ ಚುಚ್ಚಿತು. ಅಂತರ್ಜಾಲದಲ್ಲಿ ಹುಡುಕಿದೆ. ನನ್ನಂಥ ಹುಚ್ಚರು ಅಮೆರಿಕದಲ್ಲಿಯೂ ಇದ್ದಾರೆ, ಅವರು ಆಟದ ರೈಲನ್ನು ನಿಜವಾದ ಗೂಡ್ಸಿನ ಹಾಗೆ ನಡೆಸಲು ಒಂದು ತಂತ್ರಾಂಶವನ್ನೇ ಬರೆದು ಪುಕ್ಕಟೆ ಹಂಚಿದ್ದಾರೆ! ಯಾವ ಬೋಗಿ ಎಲ್ಲಿ ನಿಂತಿದೆ, ಯಾವ ಸರಕು ಯಾರಿಗೆ ಬೇಕು ಎಂದು ತುಂಬಿಸಿದರೆ ಸಾಕು. ಈ ಊರಿನಲ್ಲಿ ಇದನ್ನು ಇಳಿಸು, ಆ ಊರಿನಲ್ಲಿ ಅದನ್ನು ಎತ್ತು ಎಂದು ಅದೇ ಲೆಕ್ಕ ಹಾಕಿ ಡ್ರೈವರನಿಗೆ ಚೀಟಿ ಮುದ್ರಿಸಿಕೊಡುತ್ತದೆ.

ಮಗಳಿಗೆ ಸಿಸ್ಟಮ್ ಇದ್ದರೆ ಅಪ್ಪನಿಗೂ ಇರಲಿ ಎಂದುಕೊಂಡೆ. ಅಂಗಡಿಗೆ ಹೊಸದು ಬಂದ ಮೇಲೆ ಮನೆಯಲ್ಲೇ ಬಿದ್ದಿದ್ದ ಹಳೆಯ ಲ್ಯಾಪ್‌ಟಾಪಿನ ಧೂಳು ಒರೆಸಿ ಕುಳಿತೆ.

ಆ ತಂತ್ರಾಂಶದ ಹಾಗೆ ಪ್ರಶ್ನೆ ಕೇಳುವ ಪ್ರಾಣಿಯನ್ನು ನಾನು ನನ್ನ ಮದುವೆಯ ಮಾತುಕತೆಯಲ್ಲಿಯೂ ಕಂಡಿರಲಿಲ್ಲ. ಊರುಗಳ ಹೆಸರೇನು? ಪ್ರತಿ ಊರಿನಲ್ಲಿ ಹಳಿ ಎಷ್ಟು? ಹಳಿಯ ಉದ್ದವೆಷ್ಟು? ಅದು ಅಂಗುಲ ಕೇಳಿದ ಕಡೆ ನಾನು ಅಡಿಯ ಲೆಕ್ಕ ಕೊಟ್ಟೆ, ಲಾಯಿಲದ ಹಳಿಯಲ್ಲಿ ಬೆಕ್ಕಿಗೂ ನಿಲ್ಲಲು ಜಾಗವಿಲ್ಲವೆಂದು ರೈಲು ಹೊರಡಲೇ ಒಪ್ಪಲಿಲ್ಲ. ಅದನ್ನು ತಿದ್ದಿದೆ. ಯಾರು ಯಾವ ಸರಕು ತೆಗೆದುಕೊಳ್ಳುತ್ತಾರೆ ಎಂದು ಕೇಳಿತು. ಬೇಸತ್ತು, ಎಲ್ಲರೂ ಎಲ್ಲವನ್ನೂ ತೆಗೆದುಕೊಳ್ಳುತ್ತಾರೆ ಎಂದು ಒತ್ತಿದೆ. ಅದು ಮೀನಿನ ಬೋಗಿಯನ್ನು ಸೀದಾ ನಮ್ಮ ಮನೆಯ ಹೆಸರಿಗೆ ಕಳಿಸಿತು! ಈರುಳ್ಳಿಯೂ ದಾಟದ ಜೈನರ ಹೊಸ್ತಿಲಿಗೆ ಒಂದು ಬೋಗಿ ಬೂತಾಯಿ ಮೀನು. ಯಶೋಧಾ ಪರದೆ ನೋಡಿ ಮೂಗು ಮುಚ್ಚಿಕೊಂಡು ಕೆಳಗೆ ಹೋದಳು.

ಹಾಗಾಗಿ ಸರಿಯಾದ ಗಿರಾಕಿಗಳನ್ನು ಕೊಡುವುದೆಂದು ತೀರ್ಮಾನಿಸಿದೆ. ಹೊಸ ಹೆಸರು ಹುಟ್ಟಿಸುವ ತೊಂದರೆ ಯಾಕೆ? ನಮ್ಮ ಅಂಗಡಿಯ ಗಿರಾಕಿಗಳು ನನ್ನ ತಲೆಯಲ್ಲಿಯೇ ಇದ್ದರು. ಲಾಯಿಲದ ಸೇಸಮ್ಮ ಹಳೆಮನೆ ಕೆಡವಿ ಹಂಚುಗಳನ್ನು ಅಂಗಳದ ಬದಿಯಲ್ಲಿ ಅಂದವಾಗಿ ಪೇರಿಸಿಟ್ಟದ್ದನ್ನು ಬೆಳ್ತಂಗಡಿಗೆ ಹೋಗುವಾಗ ಕಂಡಿದ್ದೆ. ಹೊಸ ಅಡುಗೆಮನೆ ಕಟ್ಟಿಸಲು ಅವಳಿಗೆ ಸಿಮೆಂಟು ಬೇಕೆಂಬುದೂ ಗೊತ್ತಿತ್ತು. ಚಾರ್ಮಾಡಿಯ ಮುಂಡಪ್ಪ ದನದ ಹಟ್ಟಿಗೆ ಹಳೆಯ ಹಂಚು ಸಿಗುತ್ತದೋ ಎಂದು ಅಂಗಡಿಗೆ ಬಂದು ಕೇಳಿ ಹೋಗಿದ್ದ. ಎಲ್ಲವನ್ನೂ ತುಂಬಿಸಿದೆ. ಕೊನೆಗೆ, ನಿಮ್ಮ ರೈಲ್ವೆಯ ಹೆಸರೇನು ಎಂದು ಕೇಳಿತು. ನಮ್ಮ ಅಂಗಡಿಯ ಹೆಸರನ್ನೇ ಬರೆದೆ. ಎಲ್ಲಾದರೂ ಒಂದು ಕಡೆ ಅದು ನನ್ನದಾಗಿರಲಿ ಎನ್ನಿಸಿತು.

ಮರುದಿನ ಬೆಳಿಗ್ಗೆ ಉದ್ಘಾಟನೆ. ಮೂಡುಬಿದಿರೆ-ಚಾರ್ಮಾಡಿ ಗೂಡ್ಸಿಗೆ ಚೀಟಿ ತಯಾರಿಸು ಎಂದೆ, ತಯಾರಿಸಿತು. ಮುದ್ರಿಸು ಎಂದೆ. ಪಕ್ಕದಲ್ಲಿದ್ದ ಪ್ರಿಂಟರ್ ಅಲುಗಲಿಲ್ಲ. ಮತ್ತೊಮ್ಮೆ ಒತ್ತಿದೆ. ವೈರು ಬಿಚ್ಚಿ ಹಾಕಿ ಒತ್ತಿದೆ, ಪ್ರಿಂಟರಿನ ಬೆನ್ನಿಗೆ ತಟ್ಟಿ ಒತ್ತಿದೆ. ಆ ಲ್ಯಾಪ್‌ಟಾಪ್ ಅಂಗಡಿಯದಾಗಿದ್ದಾಗ ಗ್ರೀಷ್ಮಾ ಎಲ್ಲಿಯೇ ಇದ್ದರೂ ಡೆಲಿವರಿ ಚೀಟಿ ಅಂಗಡಿಯ ಪ್ರಿಂಟರಿನಲ್ಲಿ ಬರುವಂತೆ ಜೋಡಿಸಿದ್ದಳು. ಅದು ಇನ್ನೂ ಹಾಗೆಯೇ ಇತ್ತೆಂದು ನನಗೆ ಯಾರು ಹೇಳಬೇಕು? ನಾನಿಲ್ಲಿ ಪ್ರಿಂಟರಿಗೆ ಬೈಯುತ್ತಿದ್ದರೆ ಅಲ್ಲಿ ಅಂಗಡಿಯಲ್ಲಿ ನನ್ನ ರೈಲಿನ ಚೀಟಿ ಒಂದರ ಹಿಂದೊಂದು ಬೀಳುತ್ತಿತ್ತು. ಮೇಲೆ ಅಂಗಡಿಯ ಹೆಸರು. ಕೆಳಗೆ ಲಾಯಿಲದ ಸೇಸಮ್ಮನಲ್ಲಿ ಒಂದು ಗಾಡಿ ಸಿಮೆಂಟು ಇಳಿಸುವುದು, ಹಂಚು ಎತ್ತುವುದು. ಚಾರ್ಮಾಡಿಯ ಮುಂಡಪ್ಪನಲ್ಲಿ ಹಂಚು ಇಳಿಸುವುದು.

ಗ್ರೀಷ್ಮಾ ಅಂದು ಡೀಲರುಗಳ ಸಭೆಗೆಂದು ಮಂಗಳೂರಿಗೆ ಹೋಗಿದ್ದಳು. ನಮ್ಮ ಪಿಕಪ್ಪಿನ ಡ್ರೈವರ್ ಇಬ್ರಾಹಿಂ ಖಲೀಲ್ ಚೀಟಿ ನೋಡಿದ, ಸಿಮೆಂಟು ತುಂಬಿಸಿದ, ಹೊರಟ.

ಮಧ್ಯಾಹ್ನದ ಹೊತ್ತಿಗೆ ಯಶೋಧಾ ಮೊಬೈಲು ಹಿಡಿದುಕೊಂಡು ಮಹಡಿಯ ಬಾಗಿಲಿಗೆ ಬಂದಳು.

"ಖಲೀಲ್ ಫೋನು ಮಾಡಿದ್ದಾನೆ. ಗ್ರೀಷ್ಮಾ ಫೋನು ತೆಗೀತಾ ಇಲ್ವಂತೆ. ಚೀಟಿಯ ವಿಷಯ ಎಂತದೋ ಕೇಳ್ತಾನೆ."

"ಚೀಟಿಯಲ್ಲಿ ಇದ್ದ ಹಾಗೆ ಮಾಡ್ಲಿಕ್ಕೆ ಹೇಳು," ಎಂದೆ ತಲೆ ಎತ್ತದೆ. "ಅಂಗಡಿಯ ವಿಷಯ ನನ್ನ ಹತ್ರ ಬೇಡ ಅಂತ ನಿನ್ನ ಮಗಳೇ ಹೇಳಿದ್ದಾಳೆ."

ಜೀವಮಾನದಲ್ಲಿ ಒಮ್ಮೆ ಮಗಳ ಮಾತು ಕೇಳಿದೆ, ನೋಡಿ. ಅದರ ಫಲ ಸಂಜೆಯೊಳಗೆ ಬಂತು.

ಸೇಸಮ್ಮ ಆ ಹಂಚನ್ನು ಸುಮ್ಮನೆ ಪೇರಿಸಿಟ್ಟಿರಲಿಲ್ಲ. ಅವಳ ಮಗಳು ಮೋಹಿನಿ ಬಂಟ್ವಾಳದಲ್ಲಿ ಚಿಕ್ಕದೊಂದು ಮನೆ ಕಟ್ಟಿಸುತ್ತಿದ್ದಳು. ಗೋಡೆ ಎದ್ದಿತ್ತು, ಛಾವಣಿಗೆ ಮರದ ಪಕ್ಕಾಸು ಕೂತಿತ್ತು, ಹಂಚು ಹೊದಿಸುವುದೊಂದೇ ಬಾಕಿ. ಮರುದಿನ ಅದನ್ನು ಸಾಗಿಸುವುದೆಂದು ಟೆಂಪೊ ಹೇಳಿಟ್ಟು, ಸೇಸಮ್ಮ ಮಗಳ ಮನೆ ನೋಡಿ ಬರಲು ಹೋಗಿದ್ದಳು. ವಾಪಸು ಬಂದು ನೋಡಿದರೆ ಅಂಗಳದಲ್ಲಿ ಹಂಚಿಲ್ಲ. ಅದರ ಜಾಗದಲ್ಲಿ ಕೇಳದ ಸಿಮೆಂಟು. ಮೇಲಿನಿಂದ ಅಕಾಲದ ಮಳೆಯೊಂದು ಬಿದ್ದು ಹೋಗಿ ಆ ಸಿಮೆಂಟೂ ಕಲ್ಲಾಗಲು ಹೊರಟಿತ್ತು. ಅವಳು ಅಂಗಡಿಗೆ ಫೋನು ಮಾಡಿ ಕೇಳಿದ ಮೇಲೆಯೇ ಆ ಚೀಟಿ ನನ್ನ ರೈಲಿನದೆಂದು ನಮಗೆ ಗೊತ್ತಾದದ್ದು.

ನಾನು, ಯಶೋಧಾ, ಮಂಗಳೂರಿನಿಂದ ಓಡಿಬಂದ ಗ್ರೀಷ್ಮಾ, ಮೂವರೂ ಕಾರಿನಲ್ಲಿ ಲಾಯಿಲಕ್ಕೆ ಹೋದೆವು. ದಾರಿಯುದ್ದಕ್ಕೂ ಗ್ರೀಷ್ಮಾ ಮೊಬೈಲಿನಲ್ಲಿ ಅಂಗಡಿಯ ಸ್ಟಾಕು ನೋಡುತ್ತಿದ್ದಳು. ಬೈದಿದ್ದರೆ ಹಗುರವಾಗುತ್ತಿತ್ತು. ಸೇಸಮ್ಮ ಒದ್ದೆ ಚೀಲಗಳ ಮೇಲೆ ಕುಳಿತಿದ್ದಳು. ನಾನು ವಿವರಿಸಲು ತೊಡಗಿದೆ. ತಂತ್ರಾಂಶ, ಬೋಗಿ, ಹಳಿಯ ಉದ್ದ, ಅಮೆರಿಕ. ನನ್ನ ಬಾಯಿಂದ ಹೊರಟ ಪ್ರತಿ ಶಬ್ದವೂ ಆ ಅಂಗಳದಲ್ಲಿ ಬಿದ್ದು ಸಣ್ಣದಾಯಿತು. ಅವಳು ಪೂರ್ತಿ ಕೇಳಿ, ಯಶೋಧಾಳ ಕಡೆ ತಿರುಗಿದಳು.

"ಮಕ್ಕಳ ಆಟದ ರೈಲಿಗಾ ಅಮ್ಮ?"

ಯಶೋಧಾ ಹೌದೆಂದು ತಲೆಯಾಡಿಸಿದಳು. ನನ್ನ ಮಾನ ಉಳಿಸಲು ಒಂದು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

ಅಲ್ಲಿಂದ ಚಾರ್ಮಾಡಿ. ನಮ್ಮ ದೇಶದಲ್ಲಿ ಯಾವ ಕೆಲಸವೂ ಹೊತ್ತಿಗೆ ಸರಿಯಾಗಿ ನಡೆಯುವುದಿಲ್ಲ ಎನ್ನುವವರು ಮುಂಡಪ್ಪನನ್ನು ನೋಡಬೇಕು. ಹಂಚು ಇಳಿದ ಕೂಡಲೇ ನೆರೆಯವರನ್ನು ಕರೆದು, ಹಟ್ಟಿಗೆ ಪೂರ್ತಿ ಹೊದಿಸಿ, ದನಗಳನ್ನು ಒಳಗೆ ಕಟ್ಟಿ, ಮೀಸೆ ತಿರುವುತ್ತ ನಿಂತಿದ್ದ! ನನ್ನನ್ನು ಕಂಡು ಓಡಿಬಂದು ಕೈಮುಗಿದ. ಕೇಳಿದ್ದನ್ನು ಇಷ್ಟು ನೆನಪಿಟ್ಟು ಕಳಿಸುವ ಧಣಿಗಳು ಈ ಕಾಲದಲ್ಲಿ ಯಾರಿದ್ದಾರೆ ಎಂದ. ವಿಷಯ ಹೇಳಿದೆ. ಅವನ ಕೈ ಮೆಲ್ಲಗೆ ಕೆಳಗಿಳಿಯಿತು.

"ನಾನು ಕೇಳಿದ್ದು ಹೌದು, ನೀವು ಕಳಿಸಿದ್ದೂ ಹೌದು," ಎಂದ. "ದನ ಒಳಗೆ ಬಂದಾಯ್ತು ಧಣಿ. ಇನ್ನು ಹೊರಗೆ ಕಟ್ಟು ಅಂದ್ರೆ ಹೇಗೆ?"

ಮಾತು ಕಹಿಯಾಗುವ ಮೊದಲು ಗ್ರೀಷ್ಮಾ ಮುಂದೆ ಬಂದಳು. ಬೆಳಿಗ್ಗೆ ಹೊಸ ಶೀಟು ಬರುತ್ತದೆ, ಶೀಟು ಹೊದಿಸಲು ಆಳು ನಮ್ಮವರೇ, ಹಂಚು ತೆಗೆದು ಬಂಟ್ವಾಳಕ್ಕೆ ಮುಟ್ಟಿಸುವುದೂ ನಮ್ಮದೇ ಜವಾಬ್ದಾರಿ ಎಂದಳು. ಅವಳು ಹೇಳಿದ್ದಕ್ಕೆ ಮುಂಡಪ್ಪ ಒಪ್ಪಿದ. ನಾನು ಅದನ್ನೇ ಆಗತಾನೇ ಹೇಳಿದ್ದೆ, ಅವನು ಕೇಳಿಸಿಕೊಂಡಿರಲಿಲ್ಲ.

ಮರುದಿನ ನನ್ನ ಮೂಡುಬಿದಿರೆ-ಚಾರ್ಮಾಡಿ ಗೂಡ್ಸು ನಿಜವಾದ ರಸ್ತೆಯಲ್ಲಿ ಓಡಿತು. ಹೋಗುವಾಗ ಶೀಟು, ಬರುವಾಗ ಹಂಚು. ಹಂಚು ಕೈಯಿಂದ ಕೈಗೆ ದಾಟಿಸುವ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿದರು. ನನ್ನ ಕೈಯಿಂದ ಜಾರಿ ಒಡೆದವು ಒಂದಷ್ಟು, ದಾರಿಯ ಗುಂಡಿಗಳಲ್ಲಿ ಹೋದವು ಇನ್ನೊಂದಷ್ಟು. ಬಂಟ್ವಾಳ ಮುಟ್ಟಿ ಮನೆಯ ಅರ್ಧ ಮಾಡಿಗೆ ಹಂಚು ಹೊದಿಸುವಷ್ಟರಲ್ಲಿ ಮಳೆ ಮತ್ತೆ ಬಂತು. ಮೋಹಿನಿ ಒಳಗೆ ತಂದಿಟ್ಟಿದ್ದ ಅಕ್ಕಿ, ಹಾಸಿಗೆ, ಮಗುವಿನ ಪುಸ್ತಕ ಎಲ್ಲ ಒದ್ದೆಯಾದವು. ಅವಳು ನನಗೆ ಬೈಯಲಿಲ್ಲ. ನಾನು ಎತ್ತಲು ಹೋದ ಹಾಸಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ನೀವು ಕೂತುಕೊಳ್ಳಿ ಎಂದಳು, ಅಷ್ಟೆ. ಒಡೆದ ಹಂಚಿನ ಬದಲಿಗೆ ಹೊಸದು ಕಳಿಸುತ್ತೇನೆ ಎಂದು ಸೇಸಮ್ಮನಿಗೆ ಹೇಳಿದೆ.

"ಹಂಚು ಗ್ರೀಷ್ಮಕ್ಕನ ಹತ್ರ ಕೇಳಿ ತಗೊಳ್ತೇನೆ," ಎಂದಳು ಅವಳು. "ನಿಮ್ಮ ಹತ್ರ ಕೇಳುವುದು ಒಂದೇ. ನಿಮ್ಮ ರೈಲು ನಿಮ್ಮ ಮನೆಯೊಳಗೆ ಓಡ್ಲಿ, ಅದರಲ್ಲಿ ನನ್ನ ಹೆಸರು ಬೇಡ."

ಅಂದೇ ಮನೆಗೆ ಬಂದು ಹೆಸರು ಅಳಿಸಿದೆ. ಸೇಸಮ್ಮನಿಲ್ಲದ ಲಾಯಿಲಕ್ಕೆ ಹೋಗಲು ಕಾರಣವಿಲ್ಲವೆಂದು ತಂತ್ರಾಂಶ ಆ ಊರನ್ನೇ ದಾಟಿ ಹೋಗತೊಡಗಿತು. ಗ್ರೀಷ್ಮಾ ಲ್ಯಾಪ್‌ಟಾಪಿನಿಂದ ಅಂಗಡಿಯ ಪ್ರಿಂಟರನ್ನು ಬೇರ್ಪಡಿಸಿದಳು. ಅದಕ್ಕೆ ಅವಳಿಗೆ ಒಂದು ನಿಮಿಷ ಸಾಕಾಯಿತು. ರೈಲಿನ ಕಡೆ ತಿರುಗಿಯೂ ನೋಡದೆ ಕೆಳಗಿಳಿದು ಹೋದಳು.

ಆದರೂ ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ? ಆ ನಾಚಿಕೆಯ ಅಡಿಯಲ್ಲಿ ಒಂದು ಸಣ್ಣ ಸಂತೋಷವಿತ್ತು. ಗಲ್ಲೆಯಿಂದ ಎದ್ದ ಮೇಲೆ ಮೊದಲ ಸಲ, ಒಂದೇ ಒಂದು ದಿನ, ಇಡೀ ಅಂಗಡಿ ನನ್ನ ಅಪ್ಪಣೆಯಂತೆ ನಡೆದಿತ್ತು! ಸಿಮೆಂಟು ತುಂಬಿಸಿ ಎಂದೆ, ತುಂಬಿಸಿದರು. ಹೋಗಿ ಎಂದೆ, ಗುಡ್ಡ ದಾಟಿ ಹೋದರು. ತಪ್ಪಾಗಿಯೇ ಇರಲಿ, ನಡೆದದ್ದು ನನ್ನ ಮಾತು. ಊಟಕ್ಕೆ ಕೂತಾಗ, ಸ್ನಾನ ಮಾಡುವಾಗ ಅದನ್ನು ಮತ್ತೆ ಮತ್ತೆ ನೆನೆದು ಒಳಗೊಳಗೇ ಮೀಸೆ ತಿರುವಿಕೊಂಡೆ.

ಕೆಲವು ದಿನಗಳ ಬಳಿಕ ಖಲೀಲ್ ಮನೆಗೆ ಗ್ಯಾಸು ಸಿಲಿಂಡರ್ ಇಳಿಸಲು ಬಂದ. ಯಶೋಧಾ ಅವನಿಗೆ ಬೆಲ್ಲ ನೀರು ಕೊಟ್ಟಳು. ನಾನು ಕುರ್ಚಿ ಎಳೆದುಕೊಂಡು ಹತ್ತಿರ ಕುಳಿತೆ. ಮೊದಲೆಲ್ಲ ನಾನು ಒಂದು ಮೂಟೆ ಆಚೆ ಇಡು ಎಂದರೂ ಯಾಕೆ, ಏನು, ಗ್ರೀಷ್ಮಕ್ಕನಿಗೆ ಗೊತ್ತುಂಟಾ ಎಂದು ಕೇಳುತ್ತಿದ್ದವನು, ಆ ದಿನ ಮಾತ್ರ ಹೇಳಿದ ಹಾಗೆ ಅಷ್ಟು ದೂರ ಹೇಗೆ ಹೋದೆ ಎಂದು ಕೇಳಿದೆ. ಹಳೆಯ ಧಣಿಯ ಮೇಲಿನ ಗೌರವ ಎಂಬ ಉತ್ತರವನ್ನು ನಾನೇ ಅವನ ಬಾಯಲ್ಲಿ ಇಟ್ಟು ಕಾಯುತ್ತಿದ್ದೆ.

ಖಲೀಲ್ ಲೋಟ ಕೆಳಗಿಟ್ಟ. ನನಗೆ ಬೇಸರ ಮಾಡಬಾರದೆಂದು ಸ್ವಲ್ಪ ಯೋಚಿಸಿದ್ದು ಅವನ ಮುಖದಲ್ಲಿ ಕಾಣುತ್ತಿತ್ತು.

"ಅದು ಕಂಪ್ಯೂಟರಿನ ಚೀಟಿ ಅಲ್ವಾ ಧಣಿ," ಎಂದ. "ನೀವು ಹೇಳಿದ್ದು ಅಂತ ಗೊತ್ತಿದ್ರೆ ನಾನು ಗಾಡಿಯೇ ತೆಗೀತಿರಲಿಲ್ಲ."