ನಟರಾಜನ ಕನ್ನಡಿಗೆ ಬಂದ ಎದುರುಮನೆ ದೇವರು

ಅರಮನೆಯಲ್ಲಿ ಬಾಳಲು ರಾಜನೇ ಆಗಿರಬೇಕಿಲ್ಲ, ಗೋಡೆಗೆ ನಾಲ್ಕು ಹಳೇ ಕನ್ನಡಿ ತಗುಲಿಹಾಕಿದರೆ ಸಾಕು, ಉಳಿದದ್ದನ್ನು ಅವೇ ನೋಡಿಕೊಳ್ಳುತ್ತವೆ! ಒಂದು ಬಣ್ಣದ ಮಾಸಪತ್ರಿಕೆಯಲ್ಲಿ ಇದನ್ನು ಓದಿದ್ದೇ ತಡ, ತಿ. ನರಸೀಪುರದ ಕಚೇರಿಯೊಂದರ ಗುಮಾಸ್ತ ನಟರಾಜ, ನಂಜನಗೂಡಿನ ತನ್ನ ಹೊಸ ಮನೆಯ ಹಜಾರದ ನಟ್ಟನಡುವೆ ನಿಂತು ಘೋಷಿಸಿಯೇಬಿಟ್ಟ.

"ಮಧು, ನೋಡ್ತಿರು! ನಮ್ಮನೆ ನೋಡಕ್ಕೆ ಜನ ಕ್ಯೂ ನಿಲ್ತಾರೆ!"

"ಕ್ಯೂ ಬೇಡ ಕಣ್ರೀ," ಎಂದಳು ಹೆಂಡತಿ ಮಧುಶ್ರೀ, ಅವರೆಕಾಯಿ ಬಿಡಿಸುತ್ತ. "ಎದುರುಮನೆ ಚಂಪಕಮ್ಮೋರು ಒಬ್ರು ಒಳಗೆ ಬಂದು ಒಂದು ಲೋಟ ಕಾಫಿ ಕುಡಿದ್ರೆ ಸಾಕು."

ಅವಳ ಕೊರಗು ಅದೊಂದೇ. ಚಂಪಕಮ್ಮ ಕೆಟ್ಟವರಲ್ಲ. ಗೇಟಿನ ಆಚೆ ನಿಂತು ಗಂಟೆಗಟ್ಟಲೆ ಮಾತಾಡುತ್ತಿದ್ದರು, ಕರಿಬೇವು ಕೊಡುತ್ತಿದ್ದರು, ಮಧುಶ್ರೀಗೆ ಜ್ವರ ಬಂದಾಗ ಮಾತ್ರೆಯ ಹೆಸರೂ ಹೇಳಿದ್ದರು. ಆದರೆ ಒಳಗೆ ಬನ್ನಿ ಅಂದ ಕೂಡಲೇ, "ಅಯ್ಯೋ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ!" ಎಂದು ಓಡುತ್ತಿದ್ದರು. ಬೌದ್ಧ ಭಿಕ್ಷು ಭಂತೇಜಿ ಬಂದು ಗೃಹಪ್ರವೇಶ ಮಾಡಿಸಿದ ದಿನವೂ ಹಣ್ಣನ್ನು ಗೇಟಿನಲ್ಲೇ ಸೆರಗಿಗೆ ಹಾಕಿಸಿಕೊಂಡು ಓಡಿದ್ದರು. ಎರಡು ವರ್ಷದಿಂದ ಆ ಹಾಲು ಒಲೆಯ ಮೇಲೇ ಇದೆ! ಉಕ್ಕುವುದೂ ಇಲ್ಲ, ಸೀಯುವುದೂ ಇಲ್ಲ! ಈ ಕಾಲದಲ್ಲಿ ಜಾತಿ ಎಲ್ಲಿದೆ ಸ್ವಾಮಿ ಎಂದು ವೇದಿಕೆ ಹತ್ತಿ ಕೇಳುವ ಮಹನೀಯರು ಮೊದಲು ಕೆಳಗಿಳಿದು ಬಂದು ಈ ಹಾಲನ್ನು ಇಳಿಸಿಕೊಡಲಿ.

"ಬರ್ದಿದ್ರೆ ಕತ್ತೆ ಬಾಲ! ನಾವ್ಯಾಕೆ ಬೇಡ್ಬೇಕು?" ಎಂದು ನಟರಾಜ ಕನ್ನಡಿ ಬೇಟೆಗೆ ಹೊರಟ.

ಮೊದಲು ಬಂದದ್ದು ಬಾಗಿಲು ಮುಚ್ಚಿದ ಹೇರ್ ಕಟಿಂಗ್ ಸಲೂನಿನ ಕನ್ನಡಿ. ಅದರ ಮೇಲೆ ಕೆಂಪು ಅಕ್ಷರದಲ್ಲಿ "ಇಲ್ಲಿ ರಾಜಕೀಯ ಮಾತನಾಡಬಾರದು" ಎಂದು ಬರೆದಿತ್ತು. ಅದನ್ನು ಊಟದ ಜಾಗದಲ್ಲಿ ತೂಗುಹಾಕಿದ ಮೇಲೆ ನಟರಾಜನೇ ಬಾಯಿ ಬಿಡುವಂತಿಲ್ಲದಾಯಿತು. ಆಮೇಲೆ ಬಂತು ನೋಡಿ, ಮಹಾಕನ್ನಡಿ! ನರಸೀಪುರದಲ್ಲಿ ಕೆಡವುತ್ತಿದ್ದ ದೊಡ್ಡ ಜಮೀನ್ದಾರರ ಮನೆಯದು. ತೇಗದ ಚೌಕಟ್ಟು, ನೆತ್ತಿಯ ಮೇಲೆ ಎರಡು ಗಿಳಿ, ಆಳೆತ್ತರದ ಗಾಜು. ಅಂಚಿನಲ್ಲೆಲ್ಲ ರಸ ಹೋಗಿ ಕಪ್ಪು ಚುಕ್ಕೆ. ನಟರಾಜನ ಅಪ್ಪ ದೊಡ್ಡಮಾದಯ್ಯ ಬದುಕಿರುವಷ್ಟು ಕಾಲ ಆ ಮನೆಗೆ ಭತ್ತದ ಮೂಟೆ ಹೊತ್ತವರು. ಮೂಟೆ ಒಳಗೆ ಹೋಗುತ್ತಿತ್ತು, ಅಪ್ಪ ಅಂಗಳದಲ್ಲೇ ನಿಲ್ಲುತ್ತಿದ್ದರು. ಅವರ ಮುಖವನ್ನು ಒಮ್ಮೆಯೂ ಕಾಣದ ಆ ಕನ್ನಡಿಯನ್ನು ಮಗ ಕಂಬಳಿಯಲ್ಲಿ ಸುತ್ತಿ, ಕೂಸಿನ ಹಾಗೆ ತಬ್ಬಿಕೊಂಡು ಬಸ್ಸು ಹತ್ತಿದ.

"ಏನ್ಸಾ ಇದು? ಲಗೇಜು!" ಎಂದ ಕಂಡಕ್ಟರು.

"ಲಗೇಜಲ್ಲಪ್ಪ, ಇತಿಹಾಸ!"

"ಇತಿಹಾಸಕ್ಕೂ ಅರ್ಧ ಟಿಕೆಟ್ಟು ಸಾ!"

ಹಜಾರದಲ್ಲಿ, ಬೀದಿಬಾಗಿಲಿಗೆ ನೇರವಾಗಿ, ಬುದ್ಧನ ಪಟದ ಪಕ್ಕ ಕನ್ನಡಿ ನಿಂತಿತು. ತಾಯಿ ಮಂಗಳಮ್ಮ ಎದುರು ನಿಂತು ಹಿಂದೆ ಮುಂದೆ ತಿರುಗಿ ನೋಡಿಕೊಂಡಿತು.

"ಇದ್ಕಾಲಾ ನಿಮ್ಮಪ್ಪ ಅಷ್ಟು ವರ್ಷ ಒರಗೆ ನಿಂತಿದ್ದು? ಮೊಕವೇ ನೆಟ್ಗೆ ಕಾಣದಿಲ್ವಲ್ಲಪ್ಪಾ!"

ಎಡವಟ್ಟು ಶುರುವಾದದ್ದು ಮರುದಿನ ಬೆಳಿಗ್ಗೆ. ಮಂಗಳಮ್ಮ ಕನ್ನಡಿಗೆ ಕೈಮುಗಿದು ನಿಂತಿತ್ತು. ನಟರಾಜ ಇಣುಕಿ ನೋಡಿದರೆ, ಕನ್ನಡಿಯೊಳಗೆ ದೀಪ, ಹೂವು, ಘಂಟೆ, ಅದರ ನಡುವೆ ಸಾಕ್ಷಾತ್ ಲಕ್ಷ್ಮೀನಾರಾಯಣ! ಬೀದಿಯೋ ಎರಡು ಸೈಕಲ್ಲಿನಗಲ. ಎದುರುಮನೆಯ ಬಾಗಿಲು, ನಡುಮನೆ, ದೇವರಮನೆ ಎಲ್ಲ ಒಂದೇ ಗೆರೆಯಲ್ಲಿ. ಚಂಪಕಮ್ಮನ ಯಜಮಾನರು ನರಸಿಂಹ ಮೇಷ್ಟ್ರು ಅಲ್ಲಿ ಎತ್ತಿದ ಮಂಗಳಾರತಿ ಇಲ್ಲಿ ಬೆಳಗುತ್ತಿತ್ತು.

"ಅವ್ವಾ! ಎಲ್ಲ ಬಿಟ್ಟು ಬುದ್ಧನ ಕಡೆ ಬಂದೋರು ನಾವು! ಏನಿದು?"

"ನಾನೇನು ಕರದ್ನಾ? ಬಾಗ್ಲಿಗೆ ಬಂದೋರ್ನ ಬಾ ಕೂತ್ಕೊ ಅನ್ದೆ ಇರಕ್ಕಾಯ್ತದಾ? ನಾನೇನು ಎದುರುಮನೆಯೋಳಾ?"

ಸಂಜೆ ಮೇಷ್ಟ್ರೇ ಗೇಟಿಗೆ ಬಂದರು. "ನಟರಾಜ್, ಆ ಕನ್ನಡೀನ ಸ್ವಲ್ಪ ಆ ಕಡೆ ಸರಿಸ್ತೀರಾ? ಪೂಜೆ ಮಾಡ್ತಾ ಹಿಂದಕ್ಕೆ ತಿರುಗಿದ್ರೆ ನಾನೇ ನಿಮ್ಮ ಹಜಾರದಲ್ಲಿ ನಿಂತಿರ್ತೀನಿ!"

"ಎರಡು ವರ್ಷದಿಂದ ಬನ್ನಿ ಬನ್ನಿ ಅಂತಿದ್ವಿ ಮೇಷ್ಟ್ರೇ. ಹಿಂಗಾದ್ರೂ ಬಂದ್ರಲ್ಲ!"

"ತಮಾಷೆ ಅಲ್ಲಾರೀ. ದೇವರೂ ಕಾಣ್ತಾನೆ."

"ಅವನಿಗೆ ನಾನೇನು ಬಸ್‌ಚಾರ್ಜು ಕೊಟ್ಟು ಕರೆಸಿಲ್ಲ. ಬರಕ್ಕೆ ಇಷ್ಟ ಇಲ್ದಿದ್ರೆ ಅವನೇ ಮುಖ ತಿರುಗಿಸ್ಕೊಳ್ಳಲಿ!"

ದೇವರು ಮುಖ ತಿರುಗಿಸಲಿಲ್ಲ, ಮೇಷ್ಟ್ರು ತಿರುಗಿಸಿದರು. ಮರುದಿನವೇ ಅವರ ಬೀದಿಬಾಗಿಲಿಗೆ ಪಳಪಳ ಹೊಳೆಯುವ ನೈಲಾನ್ ಪರದೆ ಬಿತ್ತು. ಪರದೆಯ ಹಿಂದೆ ಚಂಪಕಮ್ಮನೂ ಮಾಯ. ಮಾತಿಲ್ಲ, ಕರಿಬೇವಿಲ್ಲ.

"ಆಯ್ತಾ ಸಮಾಧಾನ?" ಎಂದಳು ಮಧುಶ್ರೀ. ಕಣ್ಣಲ್ಲಿ ನೀರು ನಿಂತಿತ್ತು. "ಒಳಗೆ ಬರ್ಲಿ ಅಂತ ಕಾಯ್ತಿದ್ದೆ. ಈಗ ಗೇಟಿಗೂ ಬರಲ್ಲ."

ನಟರಾಜ ಹೇಳಿದ್ದು ನ್ಯಾಯವೇ, ಆದರೆ ನ್ಯಾಯ ಗೆದ್ದ ಮೇಲೂ ಹೆಂಡತಿ ಅಳುತ್ತಿದ್ದರೆ ಗಂಡಸು ಏನು ಮಾಡಬೇಕು? ಯಾವ ಭಾಷಣದಲ್ಲೂ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ.

ಒಂದು ವಾರ ಕಳೆಯಿತು. ನಟರಾಜ ಮಹಾಕನ್ನಡಿಯ ಮುಂದೆ ನಿಂತು ಗಡ್ಡ ಹೆರೆಯುತ್ತಿದ್ದ. ಒಂದು ಕೆನ್ನೆ ನುಣುಪು, ಇನ್ನೊಂದು ಕೆನ್ನೆಗೆ ಸೋಪಿನ ನೊರೆ. ಎದುರುಮನೆಯಲ್ಲಿ ಪೂಜೆ ಮುಗಿಸಿದ ಮೇಷ್ಟ್ರು ಎಂದಿನಂತೆ ಅಂಗಳದ ತುಳಸಿಗೆ ಆರತಿ ತೋರಿಸಲು ತಟ್ಟೆ ಹಿಡಿದು ಬಂದರು. ಎಂದಿನಂತೆ ಅಂದರೆ, ಪರದೆ ಇಲ್ಲದ ದಿನಗಳಂತೆ! ಕರ್ಪೂರ ನೈಲಾನಿಗೆ ತಗುಲಿತು.

ಭಗ್!

ಕನ್ನಡಿಯ ತುಂಬ ಬೆಂಕಿ! "ಅಯ್ಯೋ, ಮನೆ ಹತ್ಕೊಂಡ್ತು!" ಎಂದು ಚೀರಿದ ನಟರಾಜ, ಅವ್ವ ನೆಲ ಒರೆಸಲು ಇಟ್ಟಿದ್ದ ಬಕೆಟ್ಟನ್ನೆತ್ತಿ ಕನ್ನಡಿಯ ಮೇಲೇ ಎರಚಿದ! ಬೆಂಕಿ ಆರಲಿಲ್ಲ. ಮುಖ ತೊಳೆದುಕೊಂಡಂತೆ ಇನ್ನಷ್ಟು ಹೊಳೆಯಿತು.

"ಅಯ್ಯೋ ಮುಂಡೇದೇ, ಉರೀತಿರದು ಎದುರುಮನೆ ಕಣ್ಲಾ! ಇತ್ಲಾಗ್ ತಿರುಗ್ಲಾ!" ಎಂದು ಮಂಗಳಮ್ಮ ಕೂಗಿತು.

ತಿರುಗಿದ. ಮಧುಶ್ರೀ ನಲ್ಲಿಯಿಂದ ತಂದು ಇಳಿಸುತ್ತಿದ್ದ ಕೊಡವನ್ನು ಕಿತ್ತುಕೊಂಡ. ಬೀದಿ ದಾಟಿ ಸುರಿದ. ಪರದೆ ಆರಿತು, ಆರತಿ ಆರಿತು, ಮೇಷ್ಟ್ರು ನೆತ್ತಿಯಿಂದ ಅಂಗಾಲಿನವರೆಗೆ ನೆನೆದರು. ನೀರು ನುಣುಪು ನೆಲದ ಮೇಲೆ ಒಳಕ್ಕೆ ಹರಿಯಿತು, ಅದರ ಹಿಂದೆಯೇ ನಟರಾಜನೂ! ಆ ಮನೆಯ ಹೊಸ್ತಿಲನ್ನು ಅವನು ದಾಟಿದ್ದು ಅದೇ ಮೊದಲು, ಅದೂ ಜಾರಿಕೊಂಡು! ನಿಂತದ್ದು ಎಲ್ಲಿ? ಲಕ್ಷ್ಮೀನಾರಾಯಣನ ಪಾದದಡಿ, ಬನಿಯನ್ನಿನಲ್ಲಿ, ಅರ್ಧ ಗಡ್ಡದಲ್ಲಿ.

ಮೇಷ್ಟ್ರ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಟರಾಜ್," ಎಂದರು ಕಡೆಗೆ, ಬಗ್ಗಿ ಕೈ ಚಾಚಿ. "ಪೆಟ್ಟಾಯ್ತೇನ್ರೀ?"

ಆ ಕೈಯನ್ನು ಹಿಡಿಯಬೇಕೋ ಬೇಡವೋ ಎಂದು ನಟರಾಜ ಯೋಚಿಸುವಷ್ಟರಲ್ಲಿ ಅದು ಅವನನ್ನು ಎತ್ತಿ ನಿಲ್ಲಿಸಿಯಾಗಿತ್ತು.

ಸಂಜೆ ಹೊತ್ತಿಗೆ ಗಾಜಿನ ಹಿಂದೆ ನೀರಿಳಿದು ಮಹಾಕನ್ನಡಿಯ ರಸವೆಲ್ಲ ಸುಲಿದು ಬಂತು. ಎದುರು ನಿಂತರೆ ಒಂದು ಕಿವಿ, ಅರ್ಧ ಮೀಸೆ, ಅಷ್ಟೇ. ಸತ್ತವರ ಮನೆಯವನಂತೆ ನಟರಾಜ ಅದರ ಮುಂದೆ ಕೂತಿದ್ದ. ಕರೆಂಟೂ ಹೋಗಿತ್ತು. ಗೇಟು ಕಿರ್ ಎಂದಿತು, ಆಮೇಲೆ ಹೊಸ್ತಿಲಲ್ಲಿ ಬಳೆಯ ಸದ್ದು, ಆಮೇಲೆ ಹಜಾರದಲ್ಲೇ ಬಳೆಯ ಸದ್ದು! ಚಂಪಕಮ್ಮ!

ನಟರಾಜನ ನಾಲಿಗೆ ಸುಮ್ಮನಿದ್ದೀತೆ? "ಒಲೆ ಮೇಲೆ ಹಾಲಿಟ್ಟಿಲ್ವಾ ಅಮ್ಮ?"

ಆಕೆ ತಲೆ ತಗ್ಗಿಸಿದರು. "ಹಾಲು ಯಾವತ್ತೂ ಇರ್ಲಿಲ್ಲ ನಟರಾಜ್. ಹೆದರಿಕೆ ಇತ್ತು. ಸತ್ತುಹೋದ ಅತ್ತೇದು ಸ್ವಲ್ಪ, ಬದುಕಿರೋ ನೆಂಟರದ್ದು ಸ್ವಲ್ಪ. ನಮ್ಮ ದೇವ್ರು ದಿನಾ ಇಲ್ಲಿಗೆ ಬಂದು ಹೋಗ್ತಿದ್ದ. ನಾನೊಬ್ಳು ಗೇಟಲ್ಲಿ ನಿಂತಿದ್ದೆ."

"ಬಾ ಕೂಸೇ, ಕೂತ್ಕೊ," ಎಂದು ಮಂಗಳಮ್ಮ ಚಾಪೆ ಹಾಸಿತು.

ಸಮಾನತೆಯ ಬಗ್ಗೆ ಎರಡು ವರ್ಷದಿಂದ ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟಿದ್ದ ಭಾಷಣಕ್ಕೆ ನಟರಾಜ ಗಂಟಲು ಸರಿಮಾಡಿಕೊಂಡ. "ನೋಡಿ ಚಂಪಕಮ್ಮ, ಮನುಷ್ಯ ಅಂದ್ಮೇಲೆ..."

ಅಡುಗೆಮನೆಯಿಂದ ಮಧುಶ್ರೀ ಕಣ್ಸನ್ನೆ ಮಾಡಿ ಕರೆದಳು. ಮುಖ ಬಿಳಿಚಿಕೊಂಡಿತ್ತು. "ರೀ, ಮನುಷ್ಯ ಆಮೇಲಿರ್ಲಿ. ಸಕ್ಕರೆ ಖಾಲಿ! ಹಿತ್ಲಿಂದ ಹೋಗಿ ಮೇಷ್ಟ್ರ ಹತ್ರ ಒಂದು ಲೋಟ ಇಸ್ಕೊಂಡು ಬನ್ನಿ. ಚಂಪಕಮ್ಮೋರಿಗೆ ಗೊತ್ತಾಗ್ಬಾರ್ದು!"

ಬೇಡುವುದಿಲ್ಲವೆಂದು ಗುಡುಗಿದ್ದ ಸ್ವಾಭಿಮಾನಿ ಲೋಟ ಹಿಡಿದು ಎದುರುಮನೆಯ ಬಾಗಿಲಲ್ಲಿ ನಿಂತ. ಮೇಷ್ಟ್ರು ಕಕ್ಕಾಬಿಕ್ಕಿ. "ಸಕ್ಕರೆ ಎಲ್ಲಿದೆ ಅಂತ ನನಗೇನ್ರೀ ಗೊತ್ತು? ನಲವತ್ತು ವರ್ಷದಿಂದ ಕಾಫಿ ಕೈಗೇ ಬರುತ್ತೆ! ಬನ್ನಿ, ಒಳಗೆ ಬನ್ನಿ, ಇಬ್ರೂ ಹುಡುಕೋಣ." ಹಿಂದಿನ ಕಾಲದಲ್ಲಿ ನೆಂಟರೂ ಸ್ನಾನ ಮಾಡದೆ ಕಾಲಿಡದ ಆ ಅಡುಗೆಮನೆಯ ಕತ್ತಲಲ್ಲಿ ಇಬ್ಬರು ಗಂಡಸರು ಒಂದು ಮೇಣದಬತ್ತಿ ಹಿಡಿದು ಡಬ್ಬ ಡಬ್ಬ ತಡಕಿದರು. ಬೆಳ್ಳಗಿದ್ದದ್ದು ಸಿಕ್ಕಿತು. ನಟರಾಜ ಗೆದ್ದವನಂತೆ ಓಡಿದ.

ಚಂಪಕಮ್ಮ ಎರಡೂ ಕೈಯಲ್ಲಿ ಲೋಟ ಹಿಡಿದು ಒಂದೊಂದೇ ಗುಟುಕು ಕುಡಿದರು. ಕಣ್ಣಂಚು ಒದ್ದೆಯಾಯಿತು. ಲೋಟ ಖಾಲಿ ಮಾಡಿ ಕೆಳಗಿಟ್ಟು, "ಚೆನ್ನಾಗಿತ್ತಮ್ಮ," ಎಂದರು.

ಆಮೇಲೆ ಮಧುಶ್ರೀ ತನ್ನ ಲೋಟ ಬಾಯಿಗಿಟ್ಟಳು. ಥೂ ಎಂದು ಹಿತ್ತಿಲಿಗೆ ಓಡಿದಳು. "ಉಪ್ಪು! ಅಯ್ಯೋ, ಪೂರ್ತಿ ಕುಡಿದುಬಿಟ್ರಲ್ಲ! ಹೇಳ್ಬಾರ್ದಿತ್ತಾ?"

"ಎರಡು ವರ್ಷ ಕಾಯಿಸಿ ಬಂದಿದೀನಿ," ಎಂದರು ಚಂಪಕಮ್ಮ, ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತ. "ಯಾವ ಬಾಯಲ್ಲಮ್ಮ ಹೇಳ್ಲಿ?"

ಮಧುಶ್ರೀ ಒಂದು ಕ್ಷಣ ಅವರನ್ನೇ ನೋಡಿದಳು. ಇಬ್ಬರೂ ಒಟ್ಟಿಗೇ ನಗಲು ಶುರುಮಾಡಿದರು, ನಿಲ್ಲಿಸಲೇ ಇಲ್ಲ. ನಗುನಗುತ್ತಲೇ ಲೋಟವನ್ನು ಗಂಡನ ಕೈಗೆ ತುರುಕಿ ಅವಳೆಂದಳು:

"ಹೋಗ್ರೀ, ಇನ್ನೊಂದ್ಸಲ ಹೋಗಿ! ಈ ಸಲ ನೆಕ್ಕಿ ನೋಡ್ಕೊಂಡು ತನ್ನಿ!"